ಚೇರ್ಮನ್ನರ ಬಲಗೈ

೧೯೬೧ರಲ್ಲಿ ನಾನು ಯಲಹಂಕದ ಪಶು ಆಸ್ಪತ್ರೆಯಲ್ಲಿ ಡಾಕ್ಟರಾಗಿದ್ದೆ. ಆಸ್ಪತ್ರೆ ಎಂದರೆ ಎರಡು ಕೋಣೆ, ಒಬ್ಬ ಕಾಂಪೌಂಡರ್, ದನ ನಿಲ್ಲಿಸಿ ಕಟ್ಟಲು ಒಂದು ಮರದ ಚೌಕಟ್ಟು, ಮತ್ತು ನನ್ನ ಸೈಕಲ್ಲು. ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ: ನಾನು ಹುಟ್ಟಾ ಪುಕ್ಕಲ. ಹೋರಿ ಒದ್ದೀತೆಂದು ಹೆದರಿಕೆ, ಹಾವೆಂದರೆ ಹೆದರಿಕೆ, ಮೇಲಧಿಕಾರಿ ಬಂದರಂತೂ ಹೇಳುವುದೇ ಬೇಡ. ಆದರೆ ಪುಟ್ಟೇನಹಳ್ಳಿಯಲ್ಲಿ ಆ ವರ್ಷ ಪಟ್ಟ ಭಯದ ಮುಂದೆ ಇವೆಲ್ಲ ಏನೂ ಅಲ್ಲ.

ಆ ಊರಿನ ಮುನಿಶಾಮಪ್ಪನವರ ಮನೆಯಿಂದ ಹೇಳಿಕಳಿಸಿದ್ದರು. ಹಸುವಿನ ಗಂಟಲಲ್ಲಿ ಏನೋ ಸಿಕ್ಕಿಕೊಂಡಿದೆ, ಮೇವು ಮುಟ್ಟುತ್ತಿಲ್ಲ, ಜೊಲ್ಲು ಸುರಿಯುತ್ತಿದೆ ಅಂತ. ಮಾವಿನ ವಾಟೆಯೋ ಗೆಣಸೋ ಸಿಕ್ಕಿಕೊಳ್ಳುವುದು ಸಾಮಾನ್ಯ. ಊರಿನವರು ಡಾಕ್ಟರಿಗೆ ಕಾಯದೆ ತೋಳು ಮಡಿಸಿ ತಾವೇ ಕೈ ಹಾಕಿ ತೆಗೆದುಬಿಡುತ್ತಿದ್ದರು. ಮನೆಯ ಹಿಂದೆ ಹಿತ್ತಿಲಿನಲ್ಲಿ ಅವರ ಕೊಟ್ಟಿಗೆ. ನಾನೂ ಷರ್ಟಿನ ತೋಳು ಮಡಿಸಿ ಇನ್ನೇನು ಕೈ ಹಾಕಬೇಕು, ಅಷ್ಟರಲ್ಲಿ ಹಸು ಕೂಗಿತು. ಒಡೆದ, ಗೊಗ್ಗರು ದನಿ. ಹಿಂಗಾಲು ತಡವರಿಸುತ್ತಿತ್ತು. ನನ್ನ ಕೈ ತಾನಾಗಿ ಹಿಂದಕ್ಕೆ ಬಂತು, ಮೈಯೆಲ್ಲ ಬೆವರಿತು.

ಗಂಟಲಲ್ಲಿ ಏನೂ ಸಿಕ್ಕಿರಲಿಲ್ಲ. ಹುಚ್ಚುನಾಯಿ ಕಚ್ಚಿ ರೇಬೀಸ್ ತಗುಲಿದ ದನಕ್ಕೆ ಗಂಟಲಿನ ಸ್ನಾಯು ಸೋತು ನುಂಗಲಾಗುವುದಿಲ್ಲ. ನೋಡುವವರಿಗೆ ಏನೋ ಸಿಕ್ಕಿಕೊಂಡ ಹಾಗೆ ಕಾಣುತ್ತದೆ. ರೋಗ ಇರುವುದೇ ಆ ಜೊಲ್ಲಿನಲ್ಲಿ. ಕೈಯಲ್ಲಿ ಒಂದು ಗೀರು ಇದ್ದರೆ ಸಾಕು, ಒಳಕ್ಕೆ ಇಳಿಯುತ್ತದೆ. ರೋಗ ಕಾಣಿಸಿಕೊಂಡ ಮೇಲೆ ಮನುಷ್ಯನಿಗೆ ಮದ್ದಿಲ್ಲ.

"ಇದರ ಬಾಯಿಗೆ ಯಾರಾದ್ರೂ ಕೈ ಹಾಕಿದ್ರಾ?" ಎಂದು ಕೇಳಿದೆ.

ಮುನಿಶಾಮಪ್ಪನವರು ಯಶವಂತಪುರಕ್ಕೆ ಹೋಗಿದ್ದವರು ಆಗಷ್ಟೇ ವಾಪಸು ಬಂದಿದ್ದರು. ಅವರ ಹೆಂಡತಿ ನಂಜಮ್ಮ ನೆಲ ನೋಡುತ್ತ, "ಯಾರೂ ಇಲ್ಲ ಸೋಮಿ" ಎಂದರು.

ಹಸು ಮರುದಿನ ಸತ್ತಿತು. ತಲೆಯನ್ನು ಹೆಬ್ಬಾಳದ ಲ್ಯಾಬಿಗೆ ಪರೀಕ್ಷೆಗೆ ಕಳಿಸಿ, ಬೀದಿನಾಯಿಗಳ ವಿಷಯ ಹೇಳಲು ಪಂಚಾಯಿತಿ ಚೇರ್ಮನ್ ಕೆಂಪಣ್ಣನವರ ಮನೆಗೆ ಹೋದೆ. ಅವರು ಮುನಿಶಾಮಪ್ಪನವರ ಸ್ವಂತ ತಮ್ಮ. ಗಟ್ಟಿ ಆಳು, ಆಡಿದ ಮಾತಿನಿಂದ ಒಂದಿಂಚು ಸರಿಯದವರು. ಊರು ಅವರನ್ನು ಆರಿಸಿದ್ದೂ ಅದಕ್ಕೇ. ಜಗಲಿಯ ತುಂಬ ಜನ ಕೂತಿದ್ದರು. ಚೇರ್ಮನ್ನರ ಬಲಗೈಗೆ ಅರಿಸಿನದ ಬಟ್ಟೆ ಸುತ್ತಿತ್ತು.

"ಕೈಗೇನಾಯ್ತು?"

"ಕತ್ತಾಳೆ ಗೀರ್ತು, ಬುಡಿ."

ಬಟ್ಟೆ ಸರಿದ ಕಡೆ ನೋಡಿದೆ. ಮುಂಗೈಯ ಮೇಲೂ ಕೆಳಗೂ ಎದುರುಬದುರಾಗಿ ತರಚಿತ್ತು. ಕತ್ತಾಳೆ ಹೀಗೆ ಗೀರುವುದಿಲ್ಲ; ದನದ ದವಡೆ ಹಲ್ಲು ಗೀರುತ್ತದೆ. ಮೆಲ್ಲಗೆ ಒಳಗೆ ಕರೆದು, ಅಣ್ಣನ ಹಸುವಿನ ಬಾಯಿಗೆ ಕೈ ಹಾಕಿದಿರಾ ಎಂದು ಕೇಳಿದೆ. ಅವರ ಕಣ್ಣು ಕೆಂಪಗಾಯಿತು.

"ಆ ಮನೆ ಒಸ್ಲು ತುಳುದ್ರೆ ನಾನು ನಮ್ಮಪ್ಪನ ಮಗನೇ ಅಲ್ಲ ಅಂತ ಊರ್ ಮುಂದೆ ಯೋಳಿವ್ನಿ. ನಾನ್ಯಾಕೆ ಅಲ್ಲಿಗೆ ಓಗ್ಲಿ? ಓಗಿ ನಿಮ್ ಕೆಲ್ಸ ನೋಡ್ಕಳಿ!"

ಜಮೀನು ಪಾಲಾದಾಗಿನಿಂದ ಅಣ್ಣತಮ್ಮಂದಿರು ಮಾತು ಬಿಟ್ಟಿದ್ದರೆಂದು ನನ್ನ ಕಾಂಪೌಂಡರ್ ಆಮೇಲೆ ಹೇಳಿದ. ಅಯ್ಯೋ ದೇವರೇ ಎನಿಸಿತು. ಈ ಮನುಷ್ಯ ಹಟಕ್ಕೆ ಬಿದ್ದು ಸಾಯುತ್ತಾನೆ, ನಾನು ನೋಡುತ್ತಾ ಕೂರಬೇಕು. ಅನ್ನ ಇಳಿಯಲಿಲ್ಲ. ಸೈಕಲ್ ಹತ್ತಿ ಮತ್ತೆ ನಂಜಮ್ಮನ ಹತ್ತಿರ ಹೋದೆ. ಹಿತ್ತಿಲಲ್ಲಿ ಬೆರಣಿ ತಟ್ಟುತ್ತಿದ್ದರು. ಮರ್ಯಾದೆ ಗಿರ್ಯಾದೆ ನೋಡದೆ ಹೇಳಿಬಿಟ್ಟೆ: ಈ ರೋಗ ಬಂದವರಿಗೆ ಬಾಯಾರುತ್ತದೆ, ನೀರು ಕಂಡರೆ ಗಂಟಲು ಹಿಂಡಿಕೊಂಡು ಕಿರುಚುತ್ತಾರೆ, ಒಂದು ಹನಿ ಇಳಿಯುವುದಿಲ್ಲ, ಹಾಗೇ ಪ್ರಾಣ ಹೋಗುತ್ತದೆ, ಈಗಲೇ ಹೊಟ್ಟೆಗೆ ಇಂಜೆಕ್ಷನ್ ಶುರು ಮಾಡಿದರೆ ಉಳಿಯಬಹುದು.

ಅವರ ಕೈ ಸಗಣಿಯಲ್ಲೇ ನಿಂತಿತು. "ನಾನೇ ಕೂಗ್ದೆ ಸೋಮಿ. ಇವ್ರು ಊರಲ್ಲಿರ್ನಿಲ್ಲ. ಹಸ ಒದ್ದಾಡ್ತಿತ್ತು. ಅತ್ತಿಗೆ ಕೂಗುದ್ರೆ ಅವ್ನು ಬರ್ದೆ ಇರ್ತಾನಾ? ತಾಯಿಲ್ದ ಕೂಸು, ನಾನೇ ತುತ್ತಿಕ್ಕಿ ಸಾಕಿವ್ನಿ. ನಾನು ದವಡೆ ಇಡ್ದಿದ್ದೆ, ಅವ್ನು ಕೈ ಆಕ್ದ. ಯಾರ್ಗೂ ಯೋಳ್ಬ್ಯಾಡ ಅತ್ಗೆ ಅಂದ." ಅಷ್ಟು ಹೇಳಿ ಗೊಳೋ ಎಂದು ಅತ್ತರು. ದವಡೆ ಹಿಡಿದ ಕೈಗೆ ಜೊಲ್ಲು ತಾಗಿ ತಮ್ಮ ಜೀವಕ್ಕೂ ಕುತ್ತು ಬಂದಿದೆಯೆಂಬುದು ಅವರಿಗೆ ಹೊಳೆದೇ ಇರಲಿಲ್ಲ.

ತಿರುಗಿ ನೋಡಿದರೆ ಹಿಂಬಾಗಿಲಲ್ಲಿ ಮುನಿಶಾಮಪ್ಪನವರು ನಿಂತಿದ್ದಾರೆ. ಎಲ್ಲವನ್ನೂ ಕೇಳಿಸಿಕೊಂಡಿದ್ದರು. ಟವೆಲ್ಲು ಹೆಗಲಿಗೆಸೆದು ತಮ್ಮನ ಮನೆಯ ಕಡೆ ಹೊರಟರು. ಇನ್ನು ಕೊಲೆಯೇ ಆಗುತ್ತದೆಂದು ನಾನು ಏದುಸಿರು ಬಿಡುತ್ತ ಹಿಂದೆ ಓಡಿದೆ.

ಜಗಲಿಯ ಮೇಲಿದ್ದವರೆಲ್ಲ ಎದ್ದು ನಿಂತರು. ಕೆಂಪಣ್ಣನವರ ಮುಖ ಬಿಳಿಚಿಕೊಂಡಿತು. ಅವರನ್ನು ಹಾಗೆ ನಾನು ಎಂದೂ ಕಂಡಿರಲಿಲ್ಲ.

"ನೀನು ಬಂದಿದ್ದು ನಮ್ ಕೊಟ್ಗೆಗೆ ತಾನೆ?" ಎಂದರು ಅಣ್ಣ, ಎಲ್ಲರಿಗೂ ಕೇಳುವ ಹಾಗೆ. "ಕೊಟ್ಗೆಗೆ ಎಲ್ಲೈತ್ಲಾ ಒಸ್ಲು? ಮಾತು ಎಲ್ಲಿ ತಪ್ಪೋಯ್ತು? ಏಳ್ಲಾ, ಆಸ್ಪತ್ರೆಗೆ ನಡಿ. ನಿಮ್ಮತ್ತಿಗೇನೂ ಸೂಜಿ ಆಕುಸ್ಕೋಬೇಕು."

ಅತ್ತಿಗೆ ಎಂಬ ಮಾತು ಕಿವಿಗೆ ಬಿದ್ದದ್ದೇ ತಡ, ಚೇರ್ಮನ್ನರು ಚಪ್ಪಲಿ ಹುಡುಕತೊಡಗಿದರು. "ಅತ್ಗೇಗೂ ತಗುಲೈತಾ ಡಾಕ್ಟ್ರೇ?" ಎಂದು ಕೇಳಿದರು. ತಮ್ಮ ಕೈಯನ್ನು ಅವರು ಮರೆತೇಬಿಟ್ಟಿದ್ದರು.

ಮೂವರೂ ಅಂದೇ ಬಸ್ಸು ಹತ್ತಿ ಪೇಟೆಯ ದೊಡ್ಡಾಸ್ಪತ್ರೆಗೆ ಹೋದರು. ಲ್ಯಾಬಿನಿಂದ ರೇಬೀಸ್ ಹೌದೆಂದು ಉತ್ತರ ಬಂತು. ದಿನವೂ ಹೊಕ್ಕುಳ ಸುತ್ತ ಸೂಜಿ. ಮುನಿಶಾಮಪ್ಪನವರು ಒಂದು ದಿನವೂ ತಪ್ಪಿಸದೆ ಇಬ್ಬರ ಜೊತೆ ಹೋಗಿ ಬಂದರು.

ಸೂಜಿ ಮುಗಿದರೂ ನನ್ನ ಹೆದರಿಕೆ ಮುಗಿಯಲಿಲ್ಲ. ಈ ರೋಗ ತಿಂಗಳುಗಟ್ಟಲೆ ಮೈಯಲ್ಲಿ ಅಡಗಿದ್ದು ಏಳಬಹುದು. ಸೂಜಿ ಶುರು ಮಾಡಿದ್ದೂ ಒಂದೆರಡು ದಿನ ತಡವಾಗಿತ್ತು. ಪುಟ್ಟೇನಹಳ್ಳಿಯವರು ಯಾರೇ ಆಸ್ಪತ್ರೆ ಕಡೆ ಬಂದರೂ ನನ್ನ ಎದೆ ಧಸಕ್ಕೆನ್ನುತ್ತಿತ್ತು. ನಂಜಮ್ಮ ಚೆನ್ನಾಗಿದ್ದಾರೆಂದು ಅವರ ಮಾತಿನಲ್ಲಿ ತಿಳಿಯುತ್ತಿತ್ತು. ಚೇರ್ಮನ್ನರ ಸುದ್ದಿ ಕೇಳಲು ಮಾತ್ರ ಬಾಯಿಯೇ ಬರುತ್ತಿರಲಿಲ್ಲ.

ಬೇಸಗೆ ಬಂತು. ಒಂದು ಮಧ್ಯಾಹ್ನ ಕೆಂಪಣ್ಣನವರೇ ಬಿಸಿಲಲ್ಲಿ ನಡೆದುಕೊಂಡು ಬಂದರು. ಬೆಂಚಿನ ಮೇಲೆ ಕುಸಿದು, "ಗಂಟಲು ಒಂಥರಾ ಆಗೈತೆ ಡಾಕ್ಟ್ರೇ" ಎಂದರು. ನಾನು ಕಲ್ಲಾದೆ. ಕಾಂಪೌಂಡರ್ ಏನೂ ಅರಿಯದೆ ಒಂದು ಚೊಂಬು ನೀರು ತಂದು ಅವರ ಕೈಗಿತ್ತ. ಅವರು ತಲೆಯೆತ್ತಿ ಗಟಗಟನೆ ಕುಡಿದರು. ಅವರ ಗಂಟಲು ಮೇಲೆ ಕೆಳಗೆ ಆಡುವುದನ್ನು ನಾನು ಕಣ್ಣು ಮಿಟುಕಿಸದೆ ನೋಡಿದೆ. ಪೂರಾ ಕುಡಿದು, ಚೊಂಬು ಕೆಳಗಿಟ್ಟು, "ಏನ್ ಬಿಸ್ಲು ಸೋಮಿ, ಇನ್ನೊಂದ್ ಚೊಂಬು ಕೊಡ್ಸಿ" ಎಂದರು. ನಾನು ಗೋಡೆಯ ಕಡೆ ತಿರುಗಿ ಕಣ್ಣೊರೆಸಿಕೊಂಡೆ.

ಆಮೇಲೆ ನಾನು ಎಷ್ಟೋ ಊರುಗಳಲ್ಲಿ ಕೆಲಸ ಮಾಡಿದೆ. ಎಲ್ಲೇ ಹೋಗಲಿ, ಕಾಯಿಲೆ ಬಿದ್ದ ದನ ನೋಡುವ ಮೊದಲು ಆ ಮನೆಯಲ್ಲಿ ಯಾರು ಯಾರೊಡನೆ ಮಾತು ಬಿಟ್ಟಿದ್ದಾರೆಂದು ವಿಚಾರಿಸುತ್ತಿದ್ದೆ. ಊರನ್ನು ಆಳುವವನು ಯಾವ ಮಾತಿಗೆ ಅಂಟಿಕೊಂಡಿದ್ದಾನೆಂದು ಊರಿಗೆಲ್ಲ ಗೊತ್ತಿರುತ್ತದೆ. ಯಾರು ಕೂಗಿದರೆ ಎದ್ದು ಓಡುತ್ತಾನೆಂಬುದು ಅವನ ಮನೆಯವರಿಗೆ ಮಾತ್ರ ಗೊತ್ತಿರುತ್ತದೆ.