ಎಲೆಕೋಸಿನ ಪೀಪಾಯಿಯ ಕಲ್ಲು

ಆಲ್ವೀನೆ ನಮ್ಮೂರಿನ ಚರ್ಚಿನ ಕಸ ಗುಡಿಸಿ, ಗಂಟೆ ಹೊಡೆದು ಬದುಕಿದವಳು. ಮದುವೆಯಾಗಲಿಲ್ಲ. ಬಾಯಿ ಒರಟು, ಪಾದ್ರಿಗಳೂ ಅವಳಿಗೆ ಹೆದರುತ್ತಿದ್ದರು. ಅವಳ ತಮ್ಮ ಕಾರ್ಲಿ, ರಷ್ಯದ ಕೆಂಪು ಸೇನೆಯ ವಿರುದ್ಧ ನಡೆದ ಎಸ್ಟೋನಿಯದ ಸ್ವಾತಂತ್ರ್ಯ ಯುದ್ಧಕ್ಕೆ ಹೋದವನು, ಹೆಣವಾಗಿಯೂ ಮರಳಲಿಲ್ಲ. ಚರ್ಚಿನ ಅಂಗಳದಲ್ಲಿ ಸತ್ತವರ ಹೆಸರು ಕೆತ್ತಿ ಒಂದು ಕಲ್ಲು ನಿಲ್ಲಿಸಿದ್ದರು. ಕಾರ್ಲಿಗೆ ಇದ್ದ ಸಮಾಧಿ ಅದೊಂದೇ.

ಎರಡನೆಯ ಮಹಾಯುದ್ಧ ಮುಗಿದು ಸೋವಿಯತ್ ಆಡಳಿತ ಬೇರೂರಿದ ಮೇಲೆ ಸೈನಿಕರು ಬಂದು, ಸಿಡಿಮದ್ದಿಟ್ಟು ಆ ಕಲ್ಲನ್ನು ಒಡೆದರು. ಚರ್ಚಿನ ಕಿಟಕಿ ಗಾಜೆಲ್ಲ ಉದುರಿತು. ಗಾಜು ಗುಡಿಸಲು ಹೋದ ಆಲ್ವೀನೆ, ಕೈಗಾಡಿಯಲ್ಲಿ ಗಾಜಿನ ಚೂರುಗಳ ಅಡಿಯಲ್ಲಿ ಇಡೀ ಬ್ರೆಡ್ಡಿನಷ್ಟು ದಪ್ಪದ ಒಂದು ಕಲ್ಲನ್ನೂ ತಂದಳು. ಅದರ ಮೇಲೆ ಎರಡು ಹೆಸರು ಉಳಿದಿದ್ದವು. ಒಂದು ಕಾರ್ಲಿಯದು. ಇನ್ನೊಂದು ಎವಾಲ್ಡನ ಅಪ್ಪನದು.

ಎವಾಲ್ಡ್ ಆಗ ಗ್ರಾಮಸಭೆಯ ಅಧ್ಯಕ್ಷ. ತನ್ನಪ್ಪ ಯಾವ ಕಡೆ ನಿಂತು ಸತ್ತನೆಂಬುದನ್ನು ಮೇಲಿನವರಿಂದ ಮುಚ್ಚಿಟ್ಟು ಆ ಕುರ್ಚಿ ಹತ್ತಿದ್ದ.

ಕಲ್ಲಿನ ತುಂಡು ಕಾಣೆಯಾದದ್ದು ತಿಳಿದು ಮನೆಮನೆ ಶೋಧ ಶುರುವಾಯಿತು. ಎವಾಲ್ಡನನ್ನು ಜೊತೆಗಿಟ್ಟುಕೊಂಡು ರಷ್ಯನ್ ಅಧಿಕಾರಿಯೊಬ್ಬ ಆಲ್ವೀನೆಯ ಮನೆಗೆ ನುಗ್ಗಿದ.

"ಬಾಗ್ಲು ತಟ್ಟೋದೂ ಮರ್ತೋಯ್ತೇನೋ, ಅಧ್ಯಕ್ಷ?"

"ಸುಮ್ನಿರು ಚಿಕ್ಕಮ್ಮ," ಎಂದ ಎವಾಲ್ಡ್. ಊರಿನ ಕಿರಿಯರೆಲ್ಲ ಅವಳನ್ನು ಹಾಗೇ ಕರೆಯುತ್ತಿದ್ದರು.

ಅಧಿಕಾರಿ ಎವಾಲ್ಡನ ಕೈಯಿಂದಲೇ ಹಾಸಿಗೆ ಸೀಳಿಸಿದ, ಒಲೆಯ ಬೂದಿ ಕೆದಕಿಸಿದ. ಕೊನೆಗೆ ಮೂಲೆಯ ಪೀಪಾಯಿ ತೋರಿಸಿ ಏನೋ ಕೇಳಿದ.

"ಅದ್ರಲ್ಲೇನು ಅಂತಾರೆ," ಎಂದ ಎವಾಲ್ಡ್.

"ಉಪ್ಪು ಹಾಕಿದ ಎಲೆಕೋಸು. ಅನುಮಾನ ಇದ್ರೆ ಮುಳುಗಿ ನೋಡೋಕೆ ಹೇಳು."

ಎವಾಲ್ಡ್ ಆ ಮಾತನ್ನು ಅನುವಾದಿಸಲಿಲ್ಲ. ಅಧಿಕಾರಿ ಕಣ್ಣಿನಲ್ಲೇ ಅವನಿಗೆ ಅಪ್ಪಣೆ ಮಾಡಿದ. ಎವಾಲ್ಡ್ ಅಂಗಿಯ ತೋಳು ಮಡಚಿ ಉಪ್ಪುನೀರಿಗೆ ಕೈ ಇಳಿಸಿದ. ಎಲೆಕೋಸು ಮೇಲೇಳದಂತೆ ಆಲ್ವೀನೆ ನೀರೊಳಗಿನ ಮರದ ಮುಚ್ಚಳದ ಮೇಲೆ ಕಲ್ಲು ಹೇರಿದ್ದಳು. ಅದರ ಅಡಿಗೆ ಬೆರಳು ಹಾಕಿದವನು ಹಾಗೇ ನಿಂತುಬಿಟ್ಟ. ಬ್ರೆಡ್ಡು ಕುಯ್ಯುತ್ತಿದ್ದ ಆಲ್ವೀನೆಯ ಚಾಕು ನಿಂತಿತು. ಇನ್ನು ತನ್ನ ಗತಿ ಸೈಬೀರಿಯವೇ ಎಂದುಕೊಂಡಳು.

ಅಧಿಕಾರಿ ಹತ್ತಿರ ಬಂದ.

ಎವಾಲ್ಡ್ ಕಲ್ಲನ್ನು ಮೆಲ್ಲಗೆ ಬಿಟ್ಟು, ಮುಚ್ಚಳದ ಸಂದಿಯಿಂದ ಒಂದು ಹಿಡಿ ಎಲೆಕೋಸು ಕಿತ್ತು ಬಾಯಿಗೆ ಹಾಕಿಕೊಂಡ. ಅಗಿದ. ರಷ್ಯನ್ನಿನಲ್ಲಿ ಎರಡು ಮಾತು ಹೇಳಿ, ಅಧಿಕಾರಿಗೂ ಒಂದಿಷ್ಟು ಚಾಚಿದ. ಅವನು ಅಸಹ್ಯದಿಂದ ಮೂಗು ಮುರಿದು ಹೊರಗೆ ನಡೆದ.

ಎವಾಲ್ಡ್ ಹೊಸ್ತಿಲಲ್ಲಿ ಪಿಸುಗುಟ್ಟಿದ: "ಅಕ್ಷರ ಕೈಗೆ ಸಿಗ್ತವೆ ಚಿಕ್ಕಮ್ಮ. ಇನ್ನೂ ಆಳಕ್ಕೆ ಹಾಕು."

"ನಡಿಯೋ. ಅವ್ನು ಕಾಯ್ತಿದ್ದಾನೆ."

ಆಮೇಲೆ ಇಬ್ಬರೂ ಆ ವಿಷಯ ಎತ್ತಲಿಲ್ಲ. ಮರುವರ್ಷ ಚರ್ಚಿಗೆ ಬೀಗ ಜಡಿಸಿದವನೂ ಎವಾಲ್ಡನೇ. ಊರೆದುರು ಆಲ್ವೀನೆ ಅವನನ್ನು ಬಾಯಿಗೆ ಬಂದಂತೆ ಬೈದಳು. ಅವನು ತಲೆ ತಗ್ಗಿಸಿ ಕೇಳಿಸಿಕೊಂಡ.

ನಾಲ್ಕು ದಶಕ ಕಳೆದು, ಸೋವಿಯತ್ ಹಿಡಿತ ಸಡಿಲವಾಗಿ, ಸ್ಮಾರಕವನ್ನು ಮತ್ತೆ ಕಟ್ಟುವಾಗ ಆಲ್ವೀನೆಗೆ ತೊಂಬತ್ತು. ಅವಳು ಕೊಟ್ಟ ತುಂಡನ್ನು ಹೊಸ ಕಲ್ಲಿನ ಬುಡಕ್ಕೆ ಕೂರಿಸಿದರು. ಎವಾಲ್ಡ್ ಬೇಲಿಯಾಚೆ ಒಬ್ಬನೇ ನಿಂತಿದ್ದ.

"ಅಲ್ಯಾಕೋ ನಿಂತೆ? ನಿಮ್ಮಪ್ಪ ಇಲ್ಲಿದ್ದಾನೆ, ಬಾ," ಎಂದು ಆಲ್ವೀನೆ ಕುರ್ಚಿಯಿಂದಲೇ ಕೂಗಿದಳು.

ಅವನು ಟೋಪಿ ತೆಗೆದು ಒಳಗೆ ಬಂದ. ನಮ್ಮಲ್ಲಿ ಕೆಲವರು ಬೆನ್ನು ತಿರುಗಿಸಿದರು. ಏನು ನಡೆದಿತ್ತೆಂದು ಆಲ್ವೀನೆ ಅಲ್ಲೇ, ಎಲ್ಲರೆದುರು ಹೇಳಿದಳು. ಬೆನ್ನು ತಿರುಗಿಸಿದವರಲ್ಲಿ ಒಬ್ಬಿಬ್ಬರು ಮಾತ್ರ ಇತ್ತ ತಿರುಗಿದರು.