ರೊಟ್ಟಿಯ ಸದ್ದು, ಕೆಳಮನೆಯ ನಿದ್ದೆ

ತೆಲುಗು ನಾಡಿನ ಮಾದಾಪುರದ ಕಚೇರಿಯಲ್ಲಿ ಪರದೇಶದ ಗಿರಾಕಿಗಳನ್ನು ಮಾತಿನಲ್ಲಿ ಒಪ್ಪಿಸುವುದೇ ನನ್ನ ಕೆಲಸವಾಗಿತ್ತು. ಕಚೇರಿಯಿಂದಾಚೆ ಮಾತ್ರ ನನ್ನ ಮಾತಿಗೆ ಕವಡೆ ಕಿಮ್ಮತ್ತಿರಲಿಲ್ಲ.

ನನ್ನ ಪುಟ್ಟ ಮಗಳನ್ನು ನೋಡಿಕೊಳ್ಳಲು ಕಲಬುರಗಿಯಿಂದ ಅವ್ವ ನಮ್ಮ ಗಚ್ಚಿಬೌಲಿಯ ಫ್ಲ್ಯಾಟಿಗೆ ಬಂದಿದ್ದಳು. ಬೆಳಿಗ್ಗೆ ಏಳೂವರೆಗೆ ಪೂಜೆ ಮುಗಿಸಿ, ನೆಲದ ಮೇಲೆ ಕೂತು ಜೋಳದ ರೊಟ್ಟಿ ಬಡಿಯುವಳು. ನಿಂತು ಬಡಿದರೆ ರೊಟ್ಟಿ ಹರಿಯುತ್ತದಂತೆ. ಆ ದಪದಪ ಸದ್ದು ನೇರ ಕೆಳಮನೆಗೆ ಇಳಿಯುತ್ತಿತ್ತು. ಅಲ್ಲಿದ್ದ ತೆಲುಗು ಹುಡುಗಿ ಮತ್ತೆ ಮತ್ತೆ ಬಂದು ದೂರಿದಳು. ನಾನೂ ಬಿಡಲಿಲ್ಲ. ನಮ್ಮ ಮನೆ, ನಮ್ಮ ಅಡುಗೆ, ಹಗಲು ಹೊತ್ತು, ಯಾವ ನಿಯಮದಲ್ಲಿದೆ ತೋರಿಸು ಎಂದು ಹರಿಹಾಯ್ದೆ. ವಾದದಲ್ಲಿ ಗೆದ್ದೆ. ಅವಳು ಸೀದಾ ಅಪಾರ್ಟ್‌ಮೆಂಟ್ ಸಂಘಕ್ಕೆ ದೂರು ಕೊಟ್ಟಳು.

ಅದು ಅವ್ವನ ಕಿವಿಗೆ ಬಿತ್ತು.

"ಮಂದಿ ಕಡಿಂದ ಅನಿಸಿಕೊಂಡು ಇರಾಕ ನನಗಾಗಂಗಿಲ್ಲ. ಐತವಾರ ಊರಿಗೆ ಹೊಂಟೆ."

ಅವಳು ಹೋದರೆ ಮಗುವನ್ನು ಯಾರ ಕೈಲಿಡಲಿ? ನೌಕರಿ ಬಿಡುವುದೊಂದೇ ದಾರಿ.

ಅಂದು ಸಂಜೆ ಕೆಳಗಿಳಿದು ಹೋದೆ. ಜಗಳಕ್ಕೆಂದೇ ಹೋದವಳು ಆ ಹುಡುಗಿಯ ಕೆಂಪಾದ ಕಣ್ಣು ನೋಡಿ, ನನ್ನ ಹರಕುಮುರುಕು ತೆಲುಗಿನಲ್ಲಿ, "ನೀನು ಮಲಗುವುದು ಯಾವಾಗಮ್ಮ?" ಎಂದು ಕೇಳಿಬಿಟ್ಟೆ. ಅವಳಿಗೆ ಅಳುವೇ ಬಂತು.

"ರಾತ್ರಿಯೆಲ್ಲ ಅಮೆರಿಕದ ಫೋನು, ಅಕ್ಕಾ. ಕ್ಯಾಬು ಮನೆ ಮುಟ್ಟುವಾಗ ಏಳಾಗುತ್ತದೆ. ಕಣ್ಣು ಹತ್ತುವಷ್ಟರಲ್ಲಿ ಮೇಲೆ ಶುರು."

ಅವ್ವನ ಮುಂದೆ ನಿಯಮ, ಹಕ್ಕು ಯಾವುದನ್ನೂ ಎತ್ತಲಿಲ್ಲ. ಹುಡುಗಿ ಹೇಳಿದ್ದಷ್ಟನ್ನೇ ಹೇಳಿದೆ.

"ರಾತ್ರಿ ಪೂರಾ ನಿದ್ದಿ ಇಲ್ಲೇನು ಆ ಕೂಸಿಗೆ?" ಅವ್ವ ಹಣೆ ಬಡಿದುಕೊಂಡಳು. "ಮೊದಲ ಹೇಳಬಾರದೇನು?"

"ನನಗೂ ಇವತ್ತ ಗೊತ್ತಾತು."

"ಮತ್ತ ಇಷ್ಟು ದಿನ ಅಕಿ ಜೋಡಿ ಏನು ಮಾತಾಡಿದಿ?"

ನಾನು ಮಗಳನ್ನು ಎತ್ತಿಕೊಂಡು ಒಳಗೆ ನಡೆದೆ.

ಪೂಜೆಯಾಗದೆ ಒಲೆ ಹಚ್ಚದವಳು ಮರುದಿನದಿಂದ, "ಸ್ವಲ್ಪ ತಡಿಯಪಾ, ದೇವರೇ" ಎಂದು ಕೈಮುಗಿದು, ಹುಡುಗಿಯ ಕ್ಯಾಬು ಬರುವ ಮೊದಲೇ ರೊಟ್ಟಿ ಮುಗಿಸತೊಡಗಿದಳು. ದೂರು ವಾಪಸಾಯಿತು. ಆದರೆ ಊರಿಗೆ ಹೋಗುವ, ಬಿಡುವ ಸುದ್ದಿಯನ್ನು ಅವ್ವ ಎತ್ತಲೇ ಇಲ್ಲ. ಕೇಳಲು ನನಗೂ ಧೈರ್ಯವಿರಲಿಲ್ಲ.

ಐತವಾರ ಬೆಳಿಗ್ಗೆ ಅವಳು ಬಿಸಿ ರೊಟ್ಟಿ, ಎಣ್ಣೆಗಾಯಿ ಪಲ್ಯದ ತಟ್ಟೆಯನ್ನು ನನ್ನ ಕೈಗಿಟ್ಟು, "ಕೆಳಗ ಕೊಟ್ಟು ಬಾ, ಹಸದು ಮಲಗ್ಯಾಳು" ಅಂದಳು.

ತಡೆಯಲಾರದೆ ಕೇಳಿದೆ, "ಊರಿಗೆ ಹೊಂಟಿದ್ದೆಲ್ಲ?"

"ನಾ ಹೋದರ ಆ ಕೂಸಿಗೆ ರೊಟ್ಟಿ ಯಾರು ಬಡೀತಾರ, ನೀ ಬಡೀತಿಯೇನು?"

ಹೋದ ಜೀವ ಬಂದಂತಾಯಿತು. ತಟ್ಟೆ ಹಿಡಿದು ಮೆಟ್ಟಿಲು ಇಳಿದೆ.