ಹಳ್ಳದ ಹುಳಿ ಅಳೆಯುವ ನೀರಕ್ಕ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಮುಚ್ಚಿದ ಗಣಿಯ ಕೆಳಗಿನ ಹಳ್ಳದಲ್ಲಿ, ರಬ್ಬರ್ ಬೂಟು ತೊಟ್ಟ ಹೆಂಗಸೊಬ್ಬರು ನೀರು ಬರುವ ದಿಕ್ಕಿಗೆ ಮುಖ ಮಾಡಿ ನಿಂತಿದ್ದಾರೆ. ಬಾಟಲಿಯನ್ನು ಅದೇ ನೀರಿನಲ್ಲಿ ಮೂರು ಸಲ ಕುಲುಕಿ ಬೆನ್ನ ಹಿಂದಕ್ಕೆ ಚೆಲ್ಲುತ್ತಾರೆ. ನಾಲ್ಕನೆಯ ಸಲ ತುಂಬಿ ಮುಚ್ಚಳ ಬಿಗಿಯುತ್ತಾರೆ. ದಡದಿಂದ ಮಾತಾಡಿಸಿದರೂ, ಬಾಟಲಿಯ ಮೇಲೆ ಜಾಗ, ದಿನ, ಹೊತ್ತು ಬರೆದಾದ ಮೇಲಷ್ಟೇ ಬಾಯಿ ಬಿಡುತ್ತಾರೆ: "ಈಗ ಹೇಳಿ. ನೀರು ತುಂಬೋವಾಗ ಮಾತಾಡಿದ್ರೆ ಎಷ್ಟನೇ ಸಲ ಅನ್ನೋದೇ ಮರೆತುಹೋಗತ್ತೆ."

ಓಣಿಯವರಿಗೆಲ್ಲ ಇವರು ನೀರಕ್ಕ. ವಯಸ್ಸು ಐವತ್ತೆರಡು. ಗಂಡ ಇದೇ ಗಣಿಯಲ್ಲಿ ಲಾರಿ ಓಡಿಸುತ್ತಿದ್ದರು. ಗಣಿ ಮುಚ್ಚಿತು, ಗುಂಡಿಗೆ ಮಣ್ಣು ತುಂಬಿ ಹುಲ್ಲು ಬೆಳೆಸಿದರು. ಮೇಲೆ ನೋಡಿದರೆ ಹಸಿರೋ ಹಸಿರು. ಆದರೆ ಒಳಗಿನ ಕಲ್ಲು ಸುಮ್ಮನಿರಬೇಕಲ್ಲ! ಅದನ್ನು ತೊಳೆದು ಬರುವ ನೀರು ಹುಳಿಯಾಗಿ, ತುಕ್ಕಿನ ಬಣ್ಣಕ್ಕೆ ತಿರುಗಿ ಹಳ್ಳ ಸೇರುತ್ತದೆ. ಆ ಹುಳಿ ಮುರಿಯಲೆಂದು ಸುಣ್ಣಕಲ್ಲು ತುಂಬಿದ ಕಾಲುವೆಯೊಂದಿದೆ. ಅದು ಕೆಲಸ ಮಾಡುತ್ತಿದೆಯೋ ಇಲ್ಲವೋ ಎಂದು ನೋಡುವುದು ಒಂಬತ್ತು ವರ್ಷದಿಂದ ನೀರಕ್ಕನ ಕೆಲಸ. ವಾರಕ್ಕೆ ಮೂರು ದಿನ, ಏಳು ಜಾಗ, ಐದು ಕಿಲೋಮೀಟರ್ ನಡಿಗೆ. ಹುಳಿ ಅಳೆಯಲು ಅಂಗೈಯಗಲದ ಮೀಟರ್: ಏಳು ಬಂದರೆ ಒಳ್ಳೆಯ ನೀರು, ಕೆಳಗಿಳಿದಷ್ಟೂ ಹುಳಿ. ಹರಿವಿಗೆ ಒಂದು ಬಕೆಟ್, ಒಂದು ಗಡಿಯಾರ. ಕಾಲುವೆಯ ತುದಿಯ ಕೊಳವೆಯಡಿ ಬಕೆಟ್ ತುಂಬಲು ಹದಿನಾಲ್ಕು ಸೆಕೆಂಡ್ ಹಿಡಿದರೆ ಎಲ್ಲ ಸರಿ.

ಮೊದಲ ವಾರದ ಎಡವಟ್ಟನ್ನು ಅವರ ಬಾಯಲ್ಲೇ ಕೇಳಬೇಕು. ಪ್ರಯೋಗಾಲಯಕ್ಕೆ ಕೊಳಕು ಬಾಟಲಿ ಕಳಿಸುವುದುಂಟೇ ಎಂದು ಎಲ್ಲವನ್ನೂ ಮನೆಗೊಯ್ದು ಪಾತ್ರೆ ಸೋಪಿನಲ್ಲಿ ತಿಕ್ಕಿದ್ದರು. "ಹಳ್ಳದಲ್ಲಿ ಸೋಪು ಸಿಕ್ಕಿದೆ ಅಂತ ದೊಡ್ಡ ಗಲಾಟೆ. ಸೋಪು ನಮ್ಮನೆ ಬಚ್ಚಲಿಂದು!" ಎಂದು ಈಗ ಹೊಟ್ಟೆ ಹಿಡಿದುಕೊಂಡು ನಗುತ್ತಾರೆ.

ನಗಲಾರದ ಕಥೆಯೂ ಒಂದಿದೆ. ಸತತ ಹನ್ನೆರಡು ತಿಂಗಳು ಮೀಟರ್ ಆರೂವರೆಗಿಂತ ಕೆಳಗಿಳಿಯದಿದ್ದರೆ ಮಾತ್ರ ಹಳ್ಳದ ನೀರನ್ನು ಶುದ್ಧೀಕರಿಸಿ ಓಣಿಯ ನಲ್ಲಿಗಳಿಗೆ ಬಿಡುತ್ತಾರೆ. ಒಂದು ಸಲ ಇಳಿದರೂ ಎಣಿಕೆ ಮತ್ತೆ ಒಂದರಿಂದ. ಅಲ್ಲಿಯವರೆಗೆ ಟ್ಯಾಂಕರ್ ನೀರೇ ಗತಿ. ಟ್ಯಾಂಕರ್ ನಿಲ್ಲುವುದು ಓಣಿಯ ಇಳಿಜಾರಿನ ಬುಡದಲ್ಲಿ, ನೀರಕ್ಕನ ಮನೆ ಮೇಲ್ತುದಿಯಲ್ಲಿ. ಇವರು ಹಳ್ಳದಲ್ಲಿರುವ ಹೊತ್ತಿಗೆ ಕೊಡ ಹೊರುವವರು ಎಪ್ಪತ್ನಾಲ್ಕರ ಅತ್ತೆ.

ಹೋದ ವರ್ಷ, ಎಣಿಕೆಯ ಹನ್ನೊಂದನೆಯ ತಿಂಗಳಲ್ಲಿ, ಮೀಟರ್ ಆರು ಪಾಯಿಂಟ್ ಒಂದು ತೋರಿಸಿತು. ಮೀಟರ್ ತೊಳೆದು ಮತ್ತೆ ಅದ್ದಿದರು. ಅದೇ ಅಂಕಿ. ಬಾಟಲಿ ಪ್ರಯೋಗಾಲಯ ಮುಟ್ಟುವಷ್ಟರಲ್ಲಿ ಹುಳಿ ಬದಲಾಗುವುದರಿಂದ ಹಳ್ಳದಲ್ಲಿ ಬರೆದದ್ದೇ ಅಂತಿಮ. ಸುತ್ತ ನರಪಿಳ್ಳೆ ಇಲ್ಲ. "ಪಾಯಿಂಟ್ ಒಂದರ ಜಾಗದಲ್ಲಿ ಪಾಯಿಂಟ್ ಆರು ಬರೆದಿದ್ರೆ ಯಾರಿಗೂ ಗೊತ್ತಾಗ್ತಿರ್ಲಿಲ್ಲ. ಅತ್ತೆ ಮೊಣಕಾಲು ನೆನಪಾಯ್ತು. ಪೆನ್ನು ಹಿಡ್ಕೊಂಡು ಅತ್ತುಬಿಟ್ಟೆ. ಆಮೇಲೆ ಒಂದನ್ನೇ ಬರೆದೆ."

ಅದೇ ಬೆಳಿಗ್ಗೆ ಬಕೆಟ್ ತುಂಬಲು ಇಪ್ಪತ್ತೆರಡು ಸೆಕೆಂಡ್ ಹಿಡಿದಿತ್ತು. ಕಾಲುವೆಯ ಉಸ್ತುವಾರಿ ಹೊತ್ತ ಎಂಜಿನಿಯರ್ ಎರಡೂ ಅಂಕಿ ನೋಡಿ ಅದನ್ನು ಅಗೆಸಿದರು. ಸುಣ್ಣಕಲ್ಲಿನ ಸಂದಿಗೆಲ್ಲ ಕೆಸರು ಮೆತ್ತಿಕೊಂಡು, ಹುಳಿ ನೀರು ಪಕ್ಕದಿಂದ ಹಾಗೆಯೇ ಹಳ್ಳಕ್ಕೆ ನುಗ್ಗುತ್ತಿತ್ತು. "ಅವರು ಮುಚ್ಚಿಟ್ಟಿದ್ರೆ ನಾವು ಇದೇ ನೀರನ್ನ ನಲ್ಲಿಗೆ ಬಿಟ್ಟುಬಿಡ್ತಿದ್ವಿ" ಎನ್ನುತ್ತಾರೆ ಎಂಜಿನಿಯರ್. ಓಣಿ ಮಾತ್ರ ತಿಂಗಳುಗಟ್ಟಲೆ ಮುಖ ತಿರುಗಿಸಿತು. ಅತ್ತೆಯಂತೂ "ಊರಿಗೆಲ್ಲ ಸತ್ಯವಂತೆ, ನನ್ನ ಮೊಣಕಾಲಿಗೆ ಶತ್ರು" ಎಂದವರೇ ಮೂರು ದಿನ ಮಾತು ಬಿಟ್ಟರು.

ಇವತ್ತು ಹೊಸ ಎಣಿಕೆಯ ಹನ್ನೆರಡನೆಯ ತಿಂಗಳ ಕೊನೆಯ ಅಳತೆ. ಬಕೆಟ್ ಹದಿನಾಲ್ಕು ಸೆಕೆಂಡ್. ಮೀಟರ್ ಏಳು. ನೀರಕ್ಕ ಅದನ್ನೂ ಎರಡು ಸಲ ಅಳೆದೇ ಬರೆಯುತ್ತಾರೆ. ಆಸೆ ಏನೆಂದು ಕೇಳಿದರೆ ಬೂಟಿನ ಕೆಸರು ಕೆರೆಯುತ್ತ ಹೇಳುತ್ತಾರೆ: "ನಲ್ಲಿ ನೀರಿನ ಮೊದಲ್ನೇ ಲೋಟ ಅತ್ತೆಗೆ. ಅವರು ಕೂತಲ್ಲಿಂದ ಏಳಬಾರದು, ಅಷ್ಟೇ."

ಮನೆ ಮುಟ್ಟುವ ಮೊದಲೇ ಸುದ್ದಿ ಓಣಿ ಹತ್ತಿದೆ. ಪಕ್ಕದ ಮನೆಯಾಕೆ ಕಟಕಿಯಾಡುತ್ತಾರೆ: "ಕೊನೇ ದಿನ ಅಂತ ನೀನೇ ಏಳು ಬರೆದುಬಿಟ್ಟೆಯೋ ಹೇಗೆ?"

ನೀರಕ್ಕ ಬಾಯಿ ತೆರೆಯುವಷ್ಟರಲ್ಲಿ, ಅರ್ಧ ಇಳಿಜಾರಿನಲ್ಲಿ ಕೊಡ ಇಳಿಸಿ ಸುಧಾರಿಸಿಕೊಳ್ಳುತ್ತಿದ್ದ ಅತ್ತೆ ತಿರುಗಿ ನಿಲ್ಲುತ್ತಾರೆ.

"ಹೋದ ವರ್ಷ ನನ್ನ ಮೊಣಕಾಲಿಗೋಸ್ಕರವೂ ಸುಳ್ಳು ಬರೀಲಿಲ್ಲ ಕಣೇ ಇವಳು. ಇವಳು ಏಳು ಅಂದ್ರೆ ಏಳೇ!"